ವಿದ್ಯೆಯ ವೆಚ್ಚ ಮತ್ತು ಮಧ್ಯವರ್ತಿಗಳ ಬಲೆ

ಸಿ.ಇ.ಟಿ. ಫಲಿತಾಂಶ ಹೊರಬೀಳುವ ದಿನಗಳಲ್ಲಿ ದಾವಣಗೆರೆ, ಹರಿಹರಗಳ ಅನೇಕ ಮನೆಗಳಲ್ಲಿ ಅಂಕಪಟ್ಟಿಗಿಂತ ಹಣದ ಲೆಕ್ಕವೇ ಹೆಚ್ಚಾಗಿ ಚರ್ಚೆಗೆ ಬರುತ್ತದೆ. ಹೊಲವನ್ನು ಒತ್ತೆಯಿಡುವುದೋ, ತಾಯಿಯ ಒಡವೆಯನ್ನು ಮಾರುವುದೋ ಎಂಬ ಮಾತು ನಡೆದಿರುವಾಗಲೇ, "ನಿಮ್ಮ ಮಗಳಿಗೆ ವಿದ್ಯಾರ್ಥಿವೇತನ ಮಂಜೂರಾಗಿದೆ" ಎಂಬ ದೂರವಾಣಿ ಕರೆ ಬಂದರೆ, ಅದನ್ನು ಶಿವಕೃಪೆಯೆಂದೇ ನಂಬುವವರನ್ನು ಹಳಿಯಲಾಗದು.

ವಿದ್ಯಾದಾಸೋಹ ನಮ್ಮ ಸಮಾಜಕ್ಕೆ ಹೊಸದಲ್ಲ. 1904ರಲ್ಲಿ ಧಾರವಾಡದಲ್ಲಿ ನಡೆದ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನದ ಅಧ್ಯಕ್ಷರಾಗಿದ್ದ ಸಿರಸಂಗಿ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ಶಿಕ್ಷಣಕ್ಕೆಂದು ಮೃತ್ಯುಪತ್ರ ಬರೆದಿಟ್ಟರು. ಆ ನಿಧಿಯಿಂದ ಓದಿ ಮುಂದೆ ಬಂದವರು ಬಹಳ ಮಂದಿ. ನಮ್ಮ ದಾವಣಗೆರೆಯಲ್ಲಿಯೇ 1951ರಲ್ಲಿ ಆರಂಭವಾದ ಇಂಜಿನಿಯರಿಂಗ್ ಕಾಲೇಜು ಇಂದಿಗೂ ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ ಹೆಸರನ್ನು ಹೊತ್ತು ನಿಂತಿದೆ. ನಿಜವಾದ ದಾನಿಯು ಪಡೆಯುವವನಿಂದ ಮುಂಗಡ ಕೇಳುವುದಿಲ್ಲ. ವಂಚಕನ ಗುರುತು ಇಲ್ಲಿಯೇ ಇದೆ: "ಐವತ್ತು ಸಾವಿರ ಬರಲಿದೆ, ಮೊದಲು ಎರಡು ಸಾವಿರ ಕಟ್ಟಿ" ಎನ್ನುತ್ತಾನೆ, ಇಲ್ಲವೇ ಮೊಬೈಲಿಗೆ ಬಂದ ಓ.ಟಿ.ಪಿ. ಸಂಖ್ಯೆಯನ್ನು ಹೇಳೆನ್ನುತ್ತಾನೆ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಹಣ ಆಧಾರ್ ಜೋಡಣೆಯಾದ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ನೇರವಾಗಿ ಜಮೆಯಾಗುತ್ತದೆ. ಅದಕ್ಕೆ ಯಾರಿಗೂ ಓ.ಟಿ.ಪಿ. ತಿಳಿಸಬೇಕಾಗಿಲ್ಲ. ಅರ್ಜಿಗೆ ಬೇಕಾದ ಜಾತಿ, ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ ಮೊದಲೇ ಮಾಡಿಸಿಟ್ಟುಕೊಂಡರೆ ದಲ್ಲಾಳಿಯ ಹಂಗೇ ಇರದು.

ಸೀಟು ಕೊಡಿಸುವ ದಲ್ಲಾಳಿಗಳದು ಹಳೆಯ ಕಥೆ. ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಕಾಯಿದೆ ನಮ್ಮ ರಾಜ್ಯದಲ್ಲಿ 1984ರಲ್ಲೇ ಬಂದಿತು. 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ ಆರಂಭವಾಯಿತು. ದಲ್ಲಾಳಿಗಳು ಮಾತ್ರ ಮಾಯವಾಗಲಿಲ್ಲ. ರಸೀದಿ ಕೊಡದವನ ಕೈಗೆ ಒಂದು ರೂಪಾಯಿಯನ್ನೂ ಕೊಡದಿರುವುದೇ ಲೇಸು.

ಸಾಲದ ವಿಷಯದಲ್ಲಿ ನಮ್ಮ ಹಿರಿಯರಿಗೆ ಅಳುಕು ಹೆಚ್ಚು. ಆ ಅಳುಕಿನಲ್ಲಿ ಬ್ಯಾಂಕನ್ನು ಬಿಟ್ಟು ಖಾಸಗಿ ಲೇವಾದೇವಿಯವರ ಬಾಗಿಲಿಗೆ ಹೋಗುವುದು ವಿಚಿತ್ರವೇ ಸರಿ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷ ರೂಪಾಯಿಯವರೆಗೆ ಆಸ್ತಿಯ ಒತ್ತೆ ಬೇಕಿಲ್ಲ. ಕಂತುಗಳು ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷದ ನಂತರ ಆರಂಭವಾಗುತ್ತವೆ. ಆದರೆ ಬಡ್ಡಿ ಮೊದಲ ದಿನದಿಂದಲೇ ಬೆಳೆಯುತ್ತದೆಂಬುದನ್ನು ಮರೆಯಬಾರದು. ವರ್ಷದ ಆರಂಭದಲ್ಲಿ ತಲಾ 1 ಲಕ್ಷದಂತೆ ನಾಲ್ಕು ವರ್ಷ ಪಡೆದು, ಶೇಕಡಾ 10ರ ಸರಳ ಬಡ್ಡಿಯೆಂದು ಹಿಡಿದರೂ, ಐದನೆಯ ವರ್ಷದ ಕೊನೆಗೆ ಬಡ್ಡಿಯೇ 1 ಲಕ್ಷ 40 ಸಾವಿರವಾಗಿರುತ್ತದೆ. ಓದುವಾಗಲೇ ತಿಂಗಳು ತಿಂಗಳು ಬಡ್ಡಿಯನ್ನಷ್ಟೇ ಕಟ್ಟುತ್ತ ಹೋದ ಕುಟುಂಬಕ್ಕೆ ಈ ಹೊರೆ ಇರುವುದಿಲ್ಲ. ಮನೆಯ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದರೆ, ಮಾನ್ಯತೆ ಪಡೆದ ಸಂಸ್ಥೆಯ ವೃತ್ತಿಶಿಕ್ಷಣಕ್ಕೆ ಕೇಂದ್ರದ ಬಡ್ಡಿ ಸಹಾಯಧನವುಂಟೇ ಎಂದು ಬ್ಯಾಂಕಿನಲ್ಲಿ ವಿಚಾರಿಸಬೇಕು. 2020ರಲ್ಲಿ ಸ್ಥಾಪನೆಯಾದ ಕರ್ನಾಟಕ ವೀರಶೈವ-ಲಿಂಗಾಯತ ಅಭಿವೃದ್ಧಿ ನಿಗಮದಲ್ಲಿಯೂ ಶೈಕ್ಷಣಿಕ ಸಾಲದ ಯೋಜನೆಯಿದೆ.

ಇಷ್ಟಾಗಿಯೂ ಮೋಸ ಹೋದರೆ ಮರ್ಯಾದೆಗೆ ಅಂಜಿ ಸುಮ್ಮನಿರುವ ಮನೆಗಳೇ ಹೆಚ್ಚು. ಹಣ ಹೋದದ್ದು ತಿಳಿದ ಕೂಡಲೇ 1930 ಸಂಖ್ಯೆಗೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಬೇಕು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುವ ಮೊದಲು ತಡೆಹಿಡಿಯಲು ಸಾಧ್ಯ. ಮರುದಿನ ಬಂಧುಗಳೊಡನೆ ಆಲೋಚಿಸಿ ದೂರು ಕೊಡೋಣವೆಂದರೆ ಅಷ್ಟರಲ್ಲಿ ಅದು ಹತ್ತಾರು ಖಾತೆಗಳಲ್ಲಿ ಹಂಚಿಹೋಗಿರುತ್ತದೆ.