ಮೇಲೇಳಲು ಅವಸರ ಬೇಡ

ಫೆಬ್ರುವರಿ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಮೂವತ್ತೊಂದು ವರ್ಷದ ತರುಣನೊಬ್ಬ ನನ್ನ ಕ್ಲಿನಿಕ್ಕಿಗೆ ಬಂದ. ಬೆಂಗಳೂರಿನಲ್ಲೇ ಸಾಫ್ಟ್‌ವೇರ್ ಎಂಜಿನಿಯರ್. ತಂದೆ ತಾಯಿ ಇಬ್ಬರೂ ನನ್ನ ಹಳೆಯ ರೋಗಿಗಳು. ಬಲಭುಜದಲ್ಲಿ ಆಳವಾದ ನೋವು, ಅದೇ ಕೈಯ ಬೆರಳುಗಳಲ್ಲಿ ಜೋಮು. "ನಿನ್ನೆ ವಿಮಾನದಲ್ಲಿ ಶುರುವಾಯಿತು ಡಾಕ್ಟ್ರೇ, ಸೀಟಿನಲ್ಲಿ ವಕ್ರವಾಗಿ ನಿದ್ದೆ ಮಾಡಿರಬೇಕು" ಎಂದ. ಭುಜವನ್ನು ಅತ್ತಿತ್ತ ತಿರುಗಿಸಿ ನೋಡಿದೆ. ಊತವಿಲ್ಲ, ಕೆಂಪಾಗಿಲ್ಲ, ಒತ್ತಿದರೆ ನೋವು ಹೆಚ್ಚಾಗುವುದೂ ಇಲ್ಲ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರ ಇಂಥ ನೋವು ನನಗೆ ಹೊಸದಲ್ಲ. ಮಾತ್ರೆ, ಮುಲಾಮು ಬರೆದುಕೊಟ್ಟು ಎರಡು ದಿನ ಬಿಟ್ಟು ಬರಲು ಹೇಳಿದೆ.

ಬಾಗಿಲವರೆಗೆ ಹೋದವನು ತಿರುಗಿ ನಿಂತ. "ಬೆಳಿಗ್ಗೆಯಿಂದ ಕಾಲುಗಳೂ ಹತ್ತಿಯ ಮೇಲೆ ನಡೆದ ಹಾಗಾಗುತ್ತಿವೆ. ನಾಲ್ಕು ದಿನ ನೀರಿನೊಳಗೆ ಇದ್ದಾಗ ಏನೂ ಆಗಿರಲಿಲ್ಲ" ಎಂದ.

"ಎಂಥ ನೀರು?" ಎಂದೆ.

ಅಂಡಮಾನಿನಲ್ಲಿ ಸ್ಕೂಬಾ ಡೈವಿಂಗ್ ಮುಗಿಸಿ ಹಿಂದಿನ ದಿನವಷ್ಟೇ ಬಂದಿದ್ದ. ನಾನು ಕೊಟ್ಟ ಚೀಟಿಯನ್ನು ವಾಪಸು ತೆಗೆದುಕೊಂಡೆ. ನೌಕಾದಳದಲ್ಲಿ ವೈದ್ಯನಾಗಿದ್ದ ನನ್ನ ಸಹಪಾಠಿಗೆ ಫೋನ್ ಮಾಡಿದೆ. ಅವನು ಕೇಳಿದ್ದು ಎರಡೇ ಪ್ರಶ್ನೆ: ಹುಡುಗ ಕೊನೆಯ ಬಾರಿ ನೀರಿನಿಂದ ಎದ್ದದ್ದು ಎಷ್ಟು ಗಂಟೆಗೆ? ವಿಮಾನ ಏರಿದ್ದು ಎಷ್ಟು ಗಂಟೆಗೆ? ನೀರಿನಿಂದ ಎದ್ದದ್ದು ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ, ವಿಮಾನ ಹೊರಟದ್ದು ಮಧ್ಯಾಹ್ನ ಎರಡಕ್ಕೆ. "ಮಾತ್ರೆ ಬಿಡು. ಮಲಗಿಸು, ಆಮ್ಲಜನಕ ಹಾಕು, ಒತ್ತಡದ ಕೋಣೆ ಇರುವ ಆಸ್ಪತ್ರೆಗೆ ಈಗಲೇ ಕಳಿಸು" ಎಂದ.

ಓದಿದವನು, ಕಾಲು ಶತಮಾನದ ಹತ್ತಿರ ರೋಗಿಗಳನ್ನು ನೋಡಿದವನು, ನಾನು ಬಹುಮಟ್ಟಿಗೆ ಎಡವಿದ್ದೆ. ಈ ಕಾಯಿಲೆ ನಮ್ಮ ಶರೀರಕ್ರಿಯಾಶಾಸ್ತ್ರದ ಪಠ್ಯದಲ್ಲಿ ಕೆಲವೇ ಸಾಲುಗಳಲ್ಲಿ ಬಂದುಹೋಗಿತ್ತು. ಕಡಲಿಲ್ಲದ ಊರಿನಲ್ಲಿ ಅದು ನನ್ನ ಬಾಗಿಲಿಗೆ ಬರುತ್ತದೆಂದು ಎಣಿಸಿರಲಿಲ್ಲ. ಈಗ ನಮ್ಮ ಮಕ್ಕಳು ರಜೆಗೆ ಅಂಡಮಾನಿಗೆ, ಲಕ್ಷದ್ವೀಪಕ್ಕೆ, ನಮ್ಮದೇ ನೇತ್ರಾಣಿಗೆ ಹೋಗಿ ನೀರಿಗಿಳಿಯುತ್ತಾರೆ. ಆದ್ದರಿಂದ ಈ ವಾರದ ಮಾತು ಇದು.

ಆತ ಕಂಡ ಕಡಲು

ಗುಣವಾದ ಮೇಲೆ ಆ ತರುಣ ಒಂದು ಸಂಜೆ ಬಂದು ತನ್ನ ಪ್ರವಾಸದ ಕತೆ ಹೇಳಿದ. 2018ರ ಕೊನೆಯಲ್ಲಿ ಸ್ವರಾಜ್ ದ್ವೀಪವೆಂದು ಹೆಸರು ಬದಲಾದ ಹ್ಯಾವ್‌ಲಾಕ್‌ನಲ್ಲಿ ಮೂರು ದಿನ. ಮೊದಲ ದಿನ ಆಳವಿಲ್ಲದ ಕಡೆ, ಸಮುದ್ರಹೂವಿನ ಬೆರಳುಗಳ ನಡುವೆ ಅಡಗುವ ಕಿತ್ತಳೆ ಬಣ್ಣದ ಕೋಡಂಗಿ ಮೀನುಗಳು. ಗಿಣಿಮೀನು ಹವಳವನ್ನು ಕಚ್ಚಿ ತಿನ್ನುವ ಕಟಕಟ ಸದ್ದು ಕಿವಿಗೆ ಸ್ಪಷ್ಟವಾಗಿ ಕೇಳಿಸಿತಂತೆ; ಆದರೆ ಯಾವ ದಿಕ್ಕಿನಿಂದ ಎಂದು ತಿಳಿಯಲಿಲ್ಲ. ನೀರಿನಲ್ಲಿ ಶಬ್ದ ಗಾಳಿಗಿಂತ ನಾಲ್ಕು ಪಟ್ಟು ವೇಗವಾಗಿ ಓಡುವುದರಿಂದ ಎರಡೂ ಕಿವಿಗೆ ಒಟ್ಟಿಗೇ ಮುಟ್ಟಿದಂತಾಗುತ್ತದೆ. ಕನ್ನಡಕದೊಳಗಿಂದ ಆಮೆಯೊಂದು ನಿಜಕ್ಕಿಂತ ದೊಡ್ಡದಾಗಿ, ಹತ್ತಿರದಲ್ಲಿ ಕಂಡಿತು, ಕೈಚಾಚಿದರೆ ಸಿಗಲಿಲ್ಲ.

ಮುಂದಿನ ಎರಡು ದಿನ ಜಾನೀಸ್ ಗಾರ್ಜ್, ಡಿಕ್ಸನ್ಸ್ ಪಿನ್ನಕಲ್ ಎಂಬ ಆಳದ ತಾಣಗಳು. ಅಲ್ಲಿ 28 ಮೀಟರ್‌ವರೆಗೆ ಇಳಿದಿದ್ದ. ಬಂಡೆಗೆ ಬೆರಳ ಗೆಣ್ಣು ತರಚಿ ರಕ್ತ ಬಂದಾಗ ಅದು ಕೆಂಪಾಗಿರಲಿಲ್ಲ, ಹಸಿರು ಬೆರೆತ ಕಪ್ಪಾಗಿತ್ತು! ಗಾಬರಿಯಾಗಬೇಕಿಲ್ಲ. ಬೆಳಕಿನ ಕೆಂಪು ಭಾಗವನ್ನು ನೀರು ಮೊದಲ ಕೆಲವು ಮೀಟರುಗಳಲ್ಲೇ ಹೀರಿಬಿಡುತ್ತದೆ. "ಅಷ್ಟು ನಿಶ್ಶಬ್ದ ನಾನು ಎಲ್ಲೂ ಕಂಡಿಲ್ಲ ಡಾಕ್ಟ್ರೇ, ನನ್ನ ಉಸಿರು ಬಿಟ್ಟರೆ ಬೇರೇನಿಲ್ಲ" ಎಂದಾಗ ಅವನ ಮುಖದಲ್ಲಿದ್ದ ಸಂತೋಷ ನನಗೂ ತಟ್ಟಿತು.

ಅವನು ನಿಯಮ ತಿಳಿಯದವನಲ್ಲ. ತರಬೇತಿಯ ಪ್ರಮಾಣಪತ್ರ ಇದೆ. ನೀರಿನಲ್ಲಿ ನಿಧಾನವಾಗಿಯೇ ಮೇಲೆ ಬಂದಿದ್ದ. ಕೊನೆಯ ದಿನ ಪೋರ್ಟ್ ಬ್ಲೇರ್‌ನಲ್ಲಿ (2024ರಿಂದ ಶ್ರೀ ವಿಜಯ ಪುರಂ) ವಿಮಾನಕ್ಕೆ ಇನ್ನೂ ಸಮಯವಿದೆಯೆಂದು ಇನ್ನೊಮ್ಮೆ ಇಳಿದ. ಮಧ್ಯಾಹ್ನವೇ ಹೊರಡುತ್ತೇನೆಂದು ಅವನು ಹೇಳಲಿಲ್ಲ, ಕರೆದೊಯ್ದವರೂ ಕೇಳಲಿಲ್ಲ. ಕೈಗೆ ಕಟ್ಟಿದ್ದ ಡೈವ್ ಕಂಪ್ಯೂಟರ್ ಪುಟ್ಟ ವಿಮಾನದ ಚಿತ್ರ ತೋರಿಸಿ ಎಚ್ಚರಿಸುತ್ತಿತ್ತಂತೆ. ಅದನ್ನು ಬಿಚ್ಚಿ ಚೀಲಕ್ಕೆ ಹಾಕಿಬಿಟ್ಟಿದ್ದ.

ಗೋಲಿ ಸೋಡಾದ ಪಾಠ

ಅಷ್ಟಕ್ಕೂ ಆದದ್ದೇನು? ನಾವೆಲ್ಲ ನೆಲದ ಮೇಲೆ ಒಂದು ವಾಯುಭಾರದ ಒತ್ತಡದಲ್ಲಿ ಬದುಕುತ್ತೇವೆ. ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಂತೆ ಇನ್ನೊಂದು ವಾಯುಭಾರ ಸೇರುತ್ತದೆ. 28 ಮೀಟರ್ ಆಳದಲ್ಲಿ ಒತ್ತಡ ಸುಮಾರು ನಾಲ್ಕು ಪಟ್ಟು. ಬೆನ್ನಿಗೆ ಕಟ್ಟಿದ ಸಿಲಿಂಡರಿನಲ್ಲಿರುವುದು ಶುದ್ಧ ಆಮ್ಲಜನಕವೆಂದು ಹಲವರು ತಿಳಿದಿದ್ದಾರೆ. ಅಲ್ಲ, ಸಾಮಾನ್ಯವಾಗಿ ಅದು ಒತ್ತಿ ತುಂಬಿದ ಮಾಮೂಲು ಗಾಳಿ. ಅದರಲ್ಲಿ ಶೇಕಡ 78ರಷ್ಟು ಸಾರಜನಕ. ಆಳದಲ್ಲಿ ಈ ಗಾಳಿಯನ್ನು ಸೇವಿಸಿದಾಗ ಹೆಚ್ಚು ಸಾರಜನಕ ರಕ್ತದಲ್ಲಿ, ಕೊಬ್ಬಿನಲ್ಲಿ, ನರಗಳಲ್ಲಿ ಕರಗಿ ಕೂರುತ್ತದೆ. ಅಲ್ಲಿರುವಷ್ಟು ಹೊತ್ತು ತೊಂದರೆಯಿಲ್ಲ.

ಗೋಲಿ ಸೋಡಾ ಒಡೆಯುವುದನ್ನು ನೀವು ನೋಡಿದ್ದೀರಿ. ಗೋಲಿ ಬಿಗಿಯಾಗಿ ಕೂತಿರುವಾಗ ನೀರು ತಿಳಿಯಾಗಿರುತ್ತದೆ. ಗೋಲಿ ಒತ್ತಿದೊಡನೆ ಒತ್ತಡ ಇಳಿದು ಗುಳ್ಳೆಗಳು ನುಗ್ಗುತ್ತವೆ. ಆಳದಿಂದ ದಿಢೀರನೆ ಮೇಲೆ ಬಂದರೆ ನಮ್ಮ ದೇಹವೂ ಒಂದು ಸೋಡಾ ಬಾಟಲಿ. ಗುಳ್ಳೆಗಳು ಕೀಲಿನ ಸುತ್ತ ಎದ್ದರೆ ನೋವು, ಚರ್ಮದಲ್ಲಾದರೆ ತುರಿಕೆ ಮತ್ತು ಕಲೆ, ಮಿದುಳುಬಳ್ಳಿಯಲ್ಲಾದರೆ ಜೋಮು, ಕಾಲುಗಳ ನಿಶ್ಶಕ್ತಿ, ಮೂತ್ರ ಕಟ್ಟುವುದು. ಚಿಕಿತ್ಸೆ ತಡವಾದರೆ ಕಾಲು ಶಾಶ್ವತವಾಗಿ ಸ್ವಾಧೀನ ತಪ್ಪಬಹುದು. ನಿಧಾನವಾಗಿ ಬಂದರೆ ಸಾರಜನಕ ಉಸಿರಿನ ಮೂಲಕ ತಾನಾಗಿ ಹೊರಟುಹೋಗುತ್ತದೆ. ಆದರೆ ಪೂರ್ತಿ ಹೋಗಲು ಗಂಟೆಗಟ್ಟಲೆ ಬೇಕು.

ವಿಮಾನದೊಳಗಿನ ಒತ್ತಡ ನೆಲದಷ್ಟಿರುವುದಿಲ್ಲ. ಅದು ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿದ್ದಂತೆ. ದೇಹದಲ್ಲಿ ಉಳಿದಿದ್ದ ಸಾರಜನಕಕ್ಕೆ ಅದೇ ಗೋಲಿ ಒತ್ತಿದ ಹಾಗೆ.

ಸೇತುವೆಯೂ ಆಡುಗಳೂ

ಈ ಕಾಯಿಲೆ ಮೊದಲು ಕಂಡದ್ದು ಮೋಜಿಗೆ ಮುಳುಗುವವರಲ್ಲಿ ಅಲ್ಲ, ಕೂಲಿಗಳಲ್ಲಿ. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಗೆ ಅಡಿಪಾಯ ಹಾಕುವಾಗ ನದಿಯ ತಳದಲ್ಲಿ ಒತ್ತಿದ ಗಾಳಿ ತುಂಬಿದ ದೊಡ್ಡ ಪೆಟ್ಟಿಗೆಗಳೊಳಗೆ ಕೆಲಸಗಾರರು ಅಗೆಯುತ್ತಿದ್ದರು. ಮೇಲೆ ಬಂದವರು ಕೀಲುನೋವಿನಿಂದ ಬಾಗಿ ನರಳಿದರು, ಕೆಲವರು ಸತ್ತರು. ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ 1872ರಲ್ಲಿ ಇದೇ ಕಾಯಿಲೆಯಿಂದ ಹಾಸಿಗೆ ಹಿಡಿದರು. ಪತ್ನಿ ಎಮಿಲಿ ಅವರ ಪರವಾಗಿ ಓಡಾಡಿ ಕೆಲಸ ನಡೆಸಿದರು. ಸೇತುವೆ 1883ರಲ್ಲಿ ತೆರೆಯಿತು. ಕಾರಣ ಸಾರಜನಕದ ಗುಳ್ಳೆಗಳೆಂದು ಫ್ರಾನ್ಸಿನ ಪಾಲ್ ಬರ್ಟ್ 1878ರಲ್ಲಿ ತೋರಿಸಿದರು. ಬ್ರಿಟನ್ನಿನ ಜೆ. ಎಸ್. ಹಾಲ್ಡೇನ್ ಆಡುಗಳನ್ನು ಒತ್ತಡದ ಕೋಣೆಯಲ್ಲಿಟ್ಟು ಪರೀಕ್ಷಿಸಿದರು. ಒತ್ತಡ ಬೇಗ ಇಳಿಸಿದರೆ ಆಡು ನೋಯುವ ಕಾಲನ್ನು ಮೇಲೆತ್ತಿ ನಿಲ್ಲುತ್ತಿತ್ತು. ಹಂತ ಹಂತವಾಗಿ ಮೇಲೆ ಬರುವ ಲೆಕ್ಕವನ್ನು ಅವರು 1908ರಲ್ಲಿ ಪ್ರಕಟಿಸಿದರು. ಜಾಕ್ ಕೂಸ್ಟೋ ಮತ್ತು ಎಮಿಲ್ ಗಾನ್ಯಾ 1943ರಲ್ಲಿ ರೂಪಿಸಿದ ಉಸಿರಾಟದ ಸಾಧನದಿಂದ ಸಾಮಾನ್ಯರಿಗೂ ಕಡಲ ಬಾಗಿಲು ತೆರೆಯಿತು. ಹಾಲ್ಡೇನರ ಪಾಠ ಮಾತ್ರ ಹಾಗೇ ಉಳಿದಿದೆ: ಇಳಿಯುವುದಲ್ಲ, ಏಳುವುದು ಕಷ್ಟ.

ಇಂದಿನ ರೂಢಿಯಂತೆ ಮೇಲೇಳುವ ವೇಗ ನಿಮಿಷಕ್ಕೆ 9 ಮೀಟರ್ ಮೀರಬಾರದು. 5 ಮೀಟರ್ ಆಳದಲ್ಲಿ 3 ನಿಮಿಷ ತಂಗಬೇಕು.

ಉಸಿರು ಬಿಗಿಹಿಡಿಯಬೇಡಿ

ಕೆರೆ ಬಾವಿಗಳಲ್ಲಿ ಈಜು ಕಲಿತವರಿಗೆ "ಉಸಿರು ಕಟ್ಟಿ ಮುಳುಗು" ಎಂಬುದೇ ಮೊದಲ ಪಾಠ. ಸಿಲಿಂಡರಿನ ಗಾಳಿ ಸೇವಿಸುವಾಗ ಅದನ್ನು ಮರೆತುಬಿಡಿ. 10 ಮೀಟರಿನಲ್ಲಿ ತುಂಬಿಕೊಂಡ ಗಾಳಿ ಮೇಲ್ಮೈಗೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ಬಾಯಿ ಮುಚ್ಚಿಕೊಂಡು ಮೇಲೆ ಬಂದರೆ ಶ್ವಾಸಕೋಶ ಹರಿದು, ಗಾಳಿ ರಕ್ತಕ್ಕೆ ನುಗ್ಗಿ, ಮಿದುಳಿಗೆ ಹೋಗಿ ಪಾರ್ಶ್ವವಾಯು ಬಡಿದಂತಾಗಬಹುದು. ಇದಕ್ಕೆ ಹೆಚ್ಚು ಆಳ ಬೇಕಿಲ್ಲ, ಈಜುಕೊಳದ ಆಳವೂ ಸಾಕು. ಏನೇ ಗಾಬರಿಯಾದರೂ ಉಸಿರಾಟ ನಿಲ್ಲಿಸಬಾರದು.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಕಿವಿ. ಇಳಿಯುವಾಗ ಮೂಗು ಹಿಡಿದು ಮೆಲ್ಲಗೆ ಗಾಳಿ ಊದಿ ಕಿವಿಯ ಒತ್ತಡ ಸರಿದೂಗಿಸಬೇಕು. ನೋವು ಬರುವ ಮುಂಚೆಯೇ ಮಾಡಬೇಕು. ಆಗದಿದ್ದರೆ ಸ್ವಲ್ಪ ಮೇಲೆ ಬರಬೇಕು, ಜೋರಾಗಿ ಊದಬಾರದು. ನೆಗಡಿಯಾಗಿದ್ದರೆ ಆ ದಿನ ಇಳಿಯುವುದೇ ಬೇಡ. ಸೀದಾ ಇಳಿದವರ ಕಿವಿತಮಟೆ ಹರಿದದ್ದುಂಟು.

ನೇತ್ರಾಣಿಗೆ ಹೋಗುವವರಿಗೆ

ನಮ್ಮ ರಾಜ್ಯದಲ್ಲಿ ಸ್ಕೂಬಾ ಎಂದರೆ ಮುರುಡೇಶ್ವರದ ಸಮೀಪದ ನೇತ್ರಾಣಿ ದ್ವೀಪ. ಮಳೆಗಾಲ ಮುಗಿದ ಮೇಲೆ ದೋಣಿಯಲ್ಲಿ ಕರೆದೊಯ್ಯುತ್ತಾರೆ. ಮೊದಲ ಬಾರಿ ಇಳಿಯುವವರು ತರಬೇತುದಾರರ ಜೊತೆ 12 ಮೀಟರ್ ಒಳಗೇ ಇರಬೇಕು. ಇಲ್ಲಿ ವಿಮಾನದ ಮಾತೆಲ್ಲಿ ಬಂತು ಎನ್ನುತ್ತೀರಾ? ನಮ್ಮ ಘಟ್ಟವನ್ನು ಮರೆಯಬೇಡಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಮಡಿಕೇರಿ ಇನ್ನೂ ಎತ್ತರ. ಸಂಜೆಯ ಬಸ್ಸು ಕೆಲವೇ ಗಂಟೆಗಳಲ್ಲಿ ನಿಮ್ಮನ್ನು ಘಟ್ಟ ಹತ್ತಿಸುತ್ತದೆ.

ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಸಲಹೆ 2,000 ಅಡಿಯಿಂದ 8,000 ಅಡಿ ಎತ್ತರಕ್ಕೆ ಅನ್ವಯಿಸುತ್ತದೆ. ಒಮ್ಮೆ ಮಾತ್ರ ಇಳಿದಿದ್ದರೆ ಕನಿಷ್ಠ 12 ಗಂಟೆ, ಹಲವು ಬಾರಿ ಅಥವಾ ಹಲವು ದಿನ ಇಳಿದಿದ್ದರೆ ಕನಿಷ್ಠ 18 ಗಂಟೆ ಕಾಯಬೇಕು. ಆಳವಿಲ್ಲದ ಕಡೆ ಒಮ್ಮೆ ಇಣುಕಿ ಬಂದವರಿಗೆ ಅಪಾಯ ತೀರ ಕಡಿಮೆ, ನಿಜ. ಆದರೂ ಒಂದು ರಾತ್ರಿ ಕರಾವಳಿಯಲ್ಲೇ ತಂಗಿ ಮರುದಿನ ಹೊರಟರೆ ನಷ್ಟವೇನಿಲ್ಲ. ವಿಮಾನ ಹತ್ತುವವರು ಪೂರ್ತಿ 24 ಗಂಟೆ ಬಿಟ್ಟುಕೊಂಡರೆ ಇನ್ನೂ ಕ್ಷೇಮ.

ಯಾರು ಇಳಿಯಬಾರದು?

ಮೂರ್ಛೆರೋಗ ಇರುವವರು, ಹಿಂದೆ ಶ್ವಾಸಕೋಶ ಕುಸಿದವರು, ಹತೋಟಿಗೆ ಬಾರದ ಅಸ್ತಮಾ ಇರುವವರು, ಕಿವಿತಮಟೆ ತೂತಾಗಿರುವವರು, ಗರ್ಭಿಣಿಯರು ಇಳಿಯಬಾರದು. ಹೃದ್ರೋಗ, ಅಧಿಕ ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು ಮತ್ತು ವ್ಯಾಯಾಮದ ರೂಢಿಯಿಲ್ಲದ ನಡುವಯಸ್ಸಿನವರು ಮೊದಲು ವೈದ್ಯರನ್ನು ಕಾಣಬೇಕು. ನೀರಿಗಿಳಿಯುವ ಮುನ್ನ ಒಂದು ಆರೋಗ್ಯದ ಅರ್ಜಿ ತುಂಬಿಸುತ್ತಾರೆ. ಹಣ ಕಟ್ಟಿಯಾಗಿದೆಯೆಂದು ಅದರಲ್ಲಿ ಸುಳ್ಳು ಬರೆಯಬೇಡಿ. ಹಿಂದಿನ ರಾತ್ರಿ ಮದ್ಯ ಬೇಡ. ನೀರು ಚೆನ್ನಾಗಿ ಕುಡಿಯಿರಿ.

ಡೈವಿಂಗ್ ಆದ 24 ಗಂಟೆಗಳೊಳಗೆ ಕೀಲುನೋವು, ಜೋಮು, ತಲೆಸುತ್ತು, ವಿಪರೀತ ಸುಸ್ತು, ನಡಿಗೆಯಲ್ಲಿ ತೂರಾಟ, ಎದೆನೋವು ಅಥವಾ ಮೂತ್ರ ಕಟ್ಟುವುದು ಕಂಡರೆ "ಆಯಾಸ ಇರಬೇಕು" ಎಂದು ಮಲಗಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ ಶುದ್ಧ ಆಮ್ಲಜನಕ ಪಡೆಯಿರಿ. ನೋವು ಕಡಿಮೆಯಾದರೂ ಅಲ್ಲಿಗೆ ಮುಗಿಯಲಿಲ್ಲ. ನಿಜವಾದ ಚಿಕಿತ್ಸೆ ಒತ್ತಡದ ಕೋಣೆಯಲ್ಲಿ. ಮುಂಬೈನ ನೌಕಾದಳದ ಆಸ್ಪತ್ರೆ ಅಶ್ವಿನಿಯಲ್ಲಿ, ದೊಡ್ಡ ನಗರಗಳ ಕೆಲವು ಆಸ್ಪತ್ರೆಗಳಲ್ಲಿ ಇಂಥ ಕೋಣೆಗಳಿವೆ. ಗುಳ್ಳೆಗಳು ಕುಗ್ಗಿ ಕರಗುವಂತೆ ರೋಗಿಯನ್ನು 18 ಮೀಟರ್ ಆಳದಷ್ಟು ಒತ್ತಡಕ್ಕೆ ಒಯ್ದು, ಆಮ್ಲಜನಕ ಕೊಡುತ್ತ, ಸುಮಾರು ಐದು ಗಂಟೆಯಲ್ಲಿ ನಿಧಾನವಾಗಿ ಹೊರತರುತ್ತಾರೆ. ಮತ್ತು ನನ್ನಂಥ ವೈದ್ಯರು ಕೇಳದಿದ್ದರೂ ನೀವೇ ಮೊದಲು ಹೇಳಿ: "ನಾನು ನೀರಿನಿಂದ ಎದ್ದದ್ದು ಇಂಥ ಹೊತ್ತಿಗೆ."

ನಮ್ಮ ತರುಣ ಎರಡು ಸಲ ಆ ಕೋಣೆಯಲ್ಲಿ ಕೂತು ಬಂದ. ಕಾಲಿನ ಶಕ್ತಿ ಮೊದಲ ದಿನವೇ ಮರಳಿತು. ಕಿರುಬೆರಳಿನ ಜೋಮು ಮಾತ್ರ ಆರು ವಾರ ಉಳಿದಿತ್ತು. ಮತ್ತೆ ಇಳಿಯಬಹುದೇ ಎಂದು ಕೇಳಿದ. ನಾನಲ್ಲ, ಆ ವಿಷಯ ಬಲ್ಲ ತಜ್ಞರು ಪರೀಕ್ಷಿಸಿ ಹೇಳಲಿ ಎಂದೆ. ಹಲವು ತಿಂಗಳ ಬಳಿಕ ಅವರು ಒಪ್ಪಿದರು.

ಮೊನ್ನೆ ಅವನ ತಾಯಿ ರಕ್ತದೊತ್ತಡ ತೋರಿಸಲು ಬಂದಿದ್ದರು. ಮಗ ಮತ್ತೆ ಅಂಡಮಾನಿಗೆ ಹೋಗಿದ್ದಾನಂತೆ. ನನ್ನ ಮುಖ ನೋಡಿ ಅವರೇ ನಕ್ಕರು: "ಈ ಸಲ ನೀರಿನ ಕೆಲಸ ಮೊದಲು ಮುಗಿಸಿದ್ದಾನೆ ಡಾಕ್ಟ್ರೇ. ಇವತ್ತು ಸೆಲ್ಯುಲರ್ ಜೈಲು ನೋಡುತ್ತಾನೆ. ನಾಳೆ ವಿಮಾನ."

ನಿಮ್ಮ ಮನೆಯ ಮಕ್ಕಳೂ ಹೋಗುವುದಾದರೆ ಬೇಡವೆನ್ನಬೇಡಿ. ಟಿಕೆಟ್ ತೆಗೆಯುವ ಮುನ್ನ ಕೊನೆಯ ದಿನವನ್ನು ನೆಲದ ಮೇಲೆ ಕಳೆಯುವಂತೆ ಹೇಳಿ, ಅಷ್ಟು ಸಾಕು.