ದೊಡ್ಡ ಹೆಜ್ಜೆಯ ಸಣ್ಣ ಸಿನಿಮಾ

ರುಸ್ತಾಕಿನಲ್ಲಿ ಗುರುವಾರ ರಾತ್ರಿ ಎಂದರೆ ನಮಗೆ ಸಿನಿಮಾ ರಾತ್ರಿ. ಇಲ್ಲಿನ ಕೋಟೆ, ಐನ್ ಅಲ್ ಕಸ್ಫಾದ ಬಿಸಿನೀರಿನ ಬುಗ್ಗೆ ಎರಡನ್ನೂ ಬಂದ ನೆಂಟರಿಗೆಲ್ಲ ತೋರಿಸಿ ಮುಗಿದಿದೆ. ಮಸ್ಕತ್ತಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೆಲಸ. ಹಾಗಾಗಿ ಹೋದ ತಿಂಗಳು ನಾಲ್ಕು ಕನ್ನಡ ಮನೆಯವರು ನಮ್ಮ ಹಾಲಿನಲ್ಲಿ ಸೇರಿ, ಚುರುಮುರಿ ಹಂಚಿಕೊಂಡು 'ಎಕ್ಸಿಸ್ಟ್ಸ್' ಎಂಬ ಹಾರರ್ ಸಿನಿಮಾ ಹಾಕಿದೆವು. ಮಕ್ಕಳೆಲ್ಲ ಮಲಗಿದ್ದಾರೆ ಅಂದುಕೊಂಡಿದ್ದೆವು. ನನ್ನ ಎಂಟು ವರ್ಷದ ಮಗ ಸೋಫಾದ ಹಿಂದೆ ಕೂತು ಅರ್ಧ ಸಿನಿಮಾ ನೋಡಿದ್ದ!

ಮರುದಿನ ಬೆಳಿಗ್ಗೆ ದೋಸೆ ಮುಂದಿಟ್ಟುಕೊಂಡು ಘೋಷಿಸಿದ: "ಅಪ್ಪಾ, ನಾನು ಈ ಸಲ ಅಜ್ಜಿ ಮನೆಗೆ ಬರಲ್ಲ. ಅಲ್ಲಿ ಕಾಡಿದೆ."

ನನಗೆ ಎದೆ ಧಸಕ್ ಎಂದಿತು. ಅಜ್ಜಿ ಮನೆ ತೀರ್ಥಹಳ್ಳಿ ಹತ್ತಿರ. ನಾನು ಬೆಳೆದದ್ದೇ ಆ ಕಾಡಿನ ಅಂಚಿನಲ್ಲಿ. ಅವನು ಹುಟ್ಟಿದ್ದು ಇಲ್ಲಿ, ಅವನಿಗೆ ಗೊತ್ತಿರುವ ಬೆಟ್ಟವೆಂದರೆ ಒಂದು ಹಸಿರು ಗಿಡವೂ ಕಾಣದ ಹಜರ್ ಸಾಲು. ಕಾಡೆಂದರೆ ಏನು ಅಂತ ಅವನಿಗೆ ಹೇಳಿಕೊಟ್ಟದ್ದು ನಾನಲ್ಲ, ಟೀವಿ. ತಪ್ಪು ನಮ್ಮದೇ, ಹಾಗಾಗಿ ಕೂರಿಸಿಕೊಂಡು ವಿವರಿಸಬೇಕಾಯಿತು. ಅದನ್ನೇ ಸ್ವಲ್ಪ ಹಿಗ್ಗಿಸಿ ಇಲ್ಲಿ ಬರೆಯುತ್ತಿದ್ದೇನೆ.

ಸಿನಿಮಾ 2014ರದು. ಐದು ಜನ ಹುಡುಗ ಹುಡುಗಿಯರು ಟೆಕ್ಸಾಸ್‌ನ ಕಾಡಿನ ಮನೆಯೊಂದಕ್ಕೆ ಹೊರಡುತ್ತಾರೆ. ರಾತ್ರಿ ಕಾರಿಗೆ ಏನೋ ಬಡಿಯುತ್ತದೆ. ಅಲ್ಲಿಂದ 'ಬಿಗ್‌ಫುಟ್' ಎಂಬ ಕೂದಲು ತುಂಬಿದ ದೈತ್ಯ ಅವರ ಬೆನ್ನು ಹತ್ತುತ್ತದೆ. ಒಬ್ಬ ಹುಡುಗನಿಗೆ ಎಲ್ಲೆಲ್ಲೂ ಕ್ಯಾಮೆರಾ ಅಂಟಿಸುವ ಹುಚ್ಚು. ನಾವು ನೋಡುವುದು ಆ ಕ್ಯಾಮೆರಾಗಳಲ್ಲಿ ಉಳಿದ ದೃಶ್ಯ. ಇಂಥ ಸಿನಿಮಾಗಳಿಗೆ 'ಫೌಂಡ್ ಫುಟೇಜ್' ಅನ್ನುತ್ತಾರೆ, ಅಂದರೆ ಯಾರೋ ಚಿತ್ರಿಸಿ ಬಿಟ್ಟುಹೋದದ್ದು ನಮಗೆ ಸಿಕ್ಕಿದೆ ಎಂಬ ನಾಟಕ.

ಬಿಗ್‌ಫುಟ್ ಕಥೆಯೂ ಹಾಗೇ ಬೆಳೆದದ್ದು ಎಂಬುದು ತಮಾಷೆ. 1958ರಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ಬ್ಲಫ್ ಕ್ರೀಕ್ ಬಳಿ ರಸ್ತೆ ಮಾಡುತ್ತಿದ್ದವರಿಗೆ ಭಾರೀ ಹೆಜ್ಜೆಗುರುತು ಕಂಡವು. ಅಲ್ಲಿನ 'ಹಂಬೋಲ್ಟ್ ಟೈಮ್ಸ್' ಪತ್ರಿಕೆಯಿಂದ ಬಿಗ್‌ಫುಟ್ ಎಂಬ ಹೆಸರು ಊರೂರು ಸುತ್ತಿತು. 1967ರ ಅಕ್ಟೋಬರ್ 20ರಂದು ಅದೇ ಬ್ಲಫ್ ಕ್ರೀಕ್‌ನಲ್ಲಿ ರೋಜರ್ ಪ್ಯಾಟರ್ಸನ್ ಮತ್ತು ಬಾಬ್ ಗಿಮ್ಲಿನ್ ಒಂದು ತುಣುಕು ಚಿತ್ರಿಸಿದರು. 16 ಎಂಎಂ ಫಿಲ್ಮು, ಒಂದು ನಿಮಿಷವೂ ಇಲ್ಲ. ಕಪ್ಪಗಿನದೊಂದು ಆಕೃತಿ ನಡೆಯುತ್ತಾ ಒಮ್ಮೆ ತಿರುಗಿ ನೋಡುತ್ತದೆ, ಅಷ್ಟೇ. ಆ ರಸ್ತೆಯ ಗುತ್ತಿಗೆದಾರ ರೇ ವಾಲೇಸ್ 2002ರಲ್ಲಿ ತೀರಿಕೊಂಡ ಮೇಲೆ ಮನೆಯವರು ಮರದ ಪಾದಗಳನ್ನು ತೋರಿಸಿ, 1958ರ ಹೆಜ್ಜೆಗಳು ಇವುಗಳದ್ದೇ ಎಂದರು. ಪ್ಯಾಟರ್ಸನ್ ತುಣುಕಿನ ಬಗ್ಗೆ ಜಗಳ ಇನ್ನೂ ನಡೆದೇ ಇದೆ. ಆದರೆ ಇಷ್ಟು ವರ್ಷಗಳಲ್ಲಿ ಒಂದು ಮೂಳೆಯೂ ಸಿಕ್ಕಿಲ್ಲ.

ಆ ಒಂದು ನಿಮಿಷ ಹೆದರಿಸುವುದು ಅದು ಅಲುಗಾಡುತ್ತದೆ, ದೂರದಲ್ಲಿದೆ ಅಂತಲೇ. ಉಳಿದದ್ದನ್ನು ನಮ್ಮ ತಲೆಯೇ ತುಂಬಿಕೊಳ್ಳುತ್ತದೆ. 1999ರ 'ದಿ ಬ್ಲೇರ್ ವಿಚ್ ಪ್ರಾಜೆಕ್ಟ್' ಇದನ್ನೇ ಮಾಡಿತು. ಮಾಟಗಾತಿಯನ್ನು ಒಮ್ಮೆಯೂ ತೋರಿಸದೆ ಸುಮಾರು 25 ಕೋಟಿ ಡಾಲರ್ ಗಳಿಸಿತು. ಅದರ ಇಬ್ಬರು ನಿರ್ದೇಶಕರಲ್ಲಿ ಒಬ್ಬರಾದ ಎಡ್ವಾರ್ಡೊ ಸ್ಯಾಂಚೆಜ್ ಅವರೇ 'ಎಕ್ಸಿಸ್ಟ್ಸ್' ಮಾಡಿದವರು! ಈ ಗುಟ್ಟು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಇಲ್ಲಿ ದೈತ್ಯನನ್ನು ಹತ್ತಿರದಿಂದ ತೋರಿಸಿಬಿಟ್ಟಿದ್ದಾರೆ. ವೇಷ ಚೆನ್ನಾಗಿಯೇ ಇದೆ, ಒಳಗಿರುವ ಬ್ರಯಾನ್ ಸ್ಟೀಲ್ ಪಳಗಿದ ನಟ. ಆದರೆ ಕಂಡ ಮೇಲೆ ಅದು ವೇಷವೇ. ಭಯ ಹೋಗಿ, ಈ ಸೆಖೆಯಲ್ಲಿ ಪಾಪ ಹೇಗೆ ಹಾಕಿಕೊಂಡನೋ ಎಂಬ ಕನಿಕರ ಬರುತ್ತದೆ. ಪ್ರಾಣಕ್ಕೆ ಬಂದಾಗಲೂ ಕ್ಯಾಮೆರಾ ಕೆಳಗಿಡದ ಹುಡುಗನನ್ನು ನೋಡಿ ಗೆಳೆಯರೊಬ್ಬರು "ಅದನ್ನ ಬಿಸಾಕಿ ಓಡೋ ಮಾರಾಯ" ಎಂದು ಕೂಗಿದರು. ಅಲ್ಲಿಗೆ ಹಾರರ್ ಮುಗಿದು ಕಾಮಿಡಿ ಶುರುವಾಯಿತು. ಕಾರಿಗೆ ಸಿಕ್ಕಿದ್ದು ದೈತ್ಯನ ಮರಿ ಎಂಬುದೊಂದು ಒಳ್ಳೆಯ ಎಳೆ ಇತ್ತು. ಅದನ್ನು ಕೊನೆಯಲ್ಲಿ ಅವಸರದಲ್ಲಿ ಮುಗಿಸಿದ್ದಾರೆ.

ನಮ್ಮ ಕನ್ನಡದ '6-5=2' ನೀವು ನೋಡಿರಬಹುದು. ಕೆ.ಎಸ್. ಅಶೋಕ ನಿರ್ದೇಶನ, 2013ರ ನವೆಂಬರ್ 29ರಂದು ಬಂತು. 2010ರಲ್ಲಿ ಟ್ರೆಕ್ಕಿಂಗ್ ಹೋದ ಆರು ಜನರ ನಿಜವಾದ ಫುಟೇಜ್ ಎಂದೇ ಪ್ರಚಾರ ಮಾಡಿದ್ದರು. ನಾನು ಬೆಂಗಳೂರಿನಲ್ಲಿ ನೋಡಿದಾಗ ಹಿಂದಿನ ಸಾಲಿನವರು ಅದು ಯಾವ ಕಾಡು ಅಂತ ವಾದಿಸುತ್ತಿದ್ದರು. ಅದರಲ್ಲಿರುವುದು ಪ್ರಾಣಿಯಲ್ಲ, ದೆವ್ವ. ನನಗೆ ನೆನಪಿರುವುದು ಮಾತ್ರ ಮರಕ್ಕೆ ತೂಗುಬಿಟ್ಟ ತಲೆಬುರುಡೆಗಳು, ಮತ್ತು ಥೇಟ್ ನಮ್ಮ ಕಾಲೇಜು ಟ್ರಿಪ್ಪಿನಂಥ ಹರಟೆ. ಖರ್ಚಿನಲ್ಲಿ ಹಾಲಿವುಡ್ಡಿನ ಹತ್ತಿರಕ್ಕೂ ಬರದ ನಮ್ಮದೇ ಹೆಚ್ಚು ಹೆದರಿಸಿತ್ತು ಎಂದರೆ ಪಕ್ಷಪಾತವಲ್ಲ. ಆದರೆ ಆ 'ನಿಜವಾದ' ಎಂಬ ಪದ ಆಗ ಮಜಾ ಅನಿಸಿದ್ದು, ಹೆದರಿದ ಮಗನ ಎದುರು ಕೂತಾಗ ಅಷ್ಟು ಮಜಾ ಅನಿಸಲಿಲ್ಲ. ಅದರ ನಟ ವಿಜಯ್ ಚೆಂಡೂರ್ ಬೇರೆ ಸಿನಿಮಾಗಳಲ್ಲಿ ನಗಿಸುವ ದೃಶ್ಯ ಹುಡುಕಿ ತೋರಿಸಿದೆ. ಮಗನ ಮುಖ ಸ್ವಲ್ಪ ಸಡಿಲವಾಯಿತು.

"ಹಾಗಾದ್ರೆ ಅಜ್ಜಿ ಕಾಡಲ್ಲಿ ಏನಿದೆ?" ಅಂದ.

ಆಗ ನೆನಪಾದದ್ದು ತೇಜಸ್ವಿಯವರ 'ಕರ್ವಾಲೊ'. ಅಲ್ಲೂ ಒಂದು ವಿಚಿತ್ರ ಪ್ರಾಣಿಯನ್ನು ಹುಡುಕಿ ಒಂದು ತಂಡ ಕಾಡಿಗೆ ಹೋಗುತ್ತದೆ, ಜೊತೆಗೆ ಕ್ಯಾಮೆರಾ ಹಿಡಿದ ಪ್ರಭಾಕರನೂ ಇದ್ದಾನೆ. ಕೊನೆಗೆ ಹಾರುವ ಓತಿ ಅವರ ಕಣ್ಣೆದುರೇ ಕಣಿವೆಗೆ ತೇಲಿ ಮಾಯವಾಗುತ್ತದೆ. ಅದು ಯಾರನ್ನೂ ಅಟ್ಟಿಸಿಕೊಂಡು ಬರುವುದಿಲ್ಲ. ಮುಖ್ಯವಾಗಿ, ಹಾರುವ ಓತಿ ನಿಜಕ್ಕೂ ಇದೆ. ಪಕ್ಕೆಲುಬುಗಳ ಮೇಲಿನ ಚರ್ಮವನ್ನು ಕೊಡೆಯಂತೆ ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತದೆ. ಅಡಿಕೆ ತೋಟದಲ್ಲೂ ಇರುತ್ತದೆ.

ಮಗ ನಂಬಲಿಲ್ಲ. ನೇರವಾಗಿ ಅಜ್ಜಿಗೇ ಫೋನ್ ಹಚ್ಚಿಸಿದ.

"ಇದೆಯೋ ಪುಟ್ಟ. ಆದ್ರೆ ಕರೆದ್ರೆ ಬರಲ್ಲ. ತೋಟದಲ್ಲಿ ಸದ್ದು ಮಾಡದೆ ಕತ್ತೆತ್ತಿಕೊಂಡು ಕೂರಬೇಕು" ಅಂದರು.

ಜುಲೈಗೆ ಟಿಕೆಟ್ ಆಗಿದೆ. ಮಗ ನನ್ನ ಹಳೇ ಕ್ಯಾಮೆರಾ ಕೇಳುತ್ತಿದ್ದಾನೆ. ಕೊಡುವುದೋ ಬೇಡವೋ ಇನ್ನೂ ತೀರ್ಮಾನಿಸಿಲ್ಲ.