ಈಜುಕೊಳದ ನೀರು ಮತ್ತು ಕ್ಲೋರಿನ್ ಉಪೋತ್ಪನ್ನಗಳು: ಸಾರ್ವಜನಿಕರ ತಿಳಿವಳಿಕೆಗಾಗಿ

ಪೀಠಿಕೆ

ಯಾದಗಿರಿ, ಶಹಾಪುರ ಹಾಗೂ ಸುರಪುರ ಭಾಗದಲ್ಲಿ ಬೇಸಿಗೆಯ ತಾಪಮಾನವು 40 ಡಿಗ್ರಿ ಸೆಲ್ಸಿಯಸ್ ಮೀರುವುದು ಸಾಮಾನ್ಯ. ಈ ಅವಧಿಯಲ್ಲಿ ಬಾವಿ, ಕೆರೆ, ನದಿ ಹಾಗೂ ಕಾಲುವೆಗಳಲ್ಲಿ ಈಜುವ ರೂಢಿ ಹಿಂದಿನಿಂದಲೂ ಇದೆ. ಈಜುಕೊಳವು ಇವುಗಳಿಗಿಂತ ಭಿನ್ನವಾದುದು. ಅಲ್ಲಿ ನೀರು ಹರಿದು ಹೋಗುವುದಿಲ್ಲ; ಅದೇ ನೀರಿನಲ್ಲಿ ಪ್ರತಿದಿನವೂ ಅನೇಕರು ಇಳಿಯುತ್ತಾರೆ. ಆದಕಾರಣ ನೀರಿನ ಸೋಂಕು ನಿವಾರಣೆ ಅತ್ಯಗತ್ಯವಾಗಿದ್ದು, ಇದಕ್ಕೆ ಸಾಮಾನ್ಯವಾಗಿ ಕ್ಲೋರಿನ್ ಬಳಸಲಾಗುತ್ತದೆ. ಕ್ಲೋರಿನ್‌ನಿಂದಲೇ ಹಾನಿಕಾರಕ ವಸ್ತುಗಳು ಉಂಟಾಗುತ್ತವೆ ಎಂಬ ಆತಂಕವೂ ಜನರಲ್ಲಿ ಇರುವುದರಿಂದ, ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಉಪೋತ್ಪನ್ನಗಳು ಎಂದರೇನು?

ಕ್ಲೋರಿನ್ ನೀರಿನಲ್ಲಿ ಬೆರೆತಾಗ ಹೈಪೋಕ್ಲೋರಸ್ ಆಮ್ಲ ಉಂಟಾಗಿ ರೋಗಾಣುಗಳನ್ನು ನಾಶಪಡಿಸುತ್ತದೆ. ಅದೇ ಸಮಯದಲ್ಲಿ ನೀರಿನಲ್ಲಿರುವ ಇತರ ವಸ್ತುಗಳೊಡನೆಯೂ ಅದು ಸೇರುತ್ತದೆ. ಹೀಗೆ ಉಂಟಾಗುವ ವಸ್ತುಗಳಲ್ಲಿ ಎರಡು ಬಗೆಯವು ಮುಖ್ಯವಾದವು.

1. ಕ್ಲೋರಮೈನ್‌ಗಳು: ಬೆವರು ಹಾಗೂ ಮೂತ್ರದಲ್ಲಿರುವ ಸಾರಜನಕದ ಅಂಶಗಳೊಡನೆ ಕ್ಲೋರಿನ್ ಸೇರಿದಾಗ ಉಂಟಾಗುತ್ತವೆ. ಕಣ್ಣುರಿ, ಕೆಮ್ಮು ಹಾಗೂ ಘಾಟು ವಾಸನೆಗೆ ಇವೇ ಮುಖ್ಯ ಕಾರಣ.

2. ಟ್ರೈಹ್ಯಾಲೋಮೀಥೇನ್‌ಗಳು: ಎಲೆ, ಪಾಚಿ, ಮಣ್ಣು, ಚರ್ಮದ ಎಣ್ಣೆ ಮುಂತಾದ ಸಾವಯವ ಅಂಶಗಳಿಂದ ಉಂಟಾಗುತ್ತವೆ. ಕ್ಲೋರೋಫಾರ್ಮ್ ಇವುಗಳಲ್ಲೊಂದು. ಕ್ಲೋರಿನ್ ಬೆರೆಸಿದ ನೀರಿನಲ್ಲಿ ಇವು ಉಂಟಾಗುವುದನ್ನು 1974ರಲ್ಲಿ ನೆದರ್‌ಲ್ಯಾಂಡ್ಸ್‌ನ ರಸಾಯನ ವಿಜ್ಞಾನಿ ಯೋಹಾನ್ಸ್ ರೂಕ್ ಪ್ರಕಟಿಸಿದರು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500:2012ರ ಪ್ರಕಾರ ಕ್ಲೋರೋಫಾರ್ಮ್ ಪ್ರಮಾಣವು ಲೀಟರಿಗೆ 0.2 ಮಿಲಿಗ್ರಾಂ ಮೀರುವಂತಿಲ್ಲ.

ವಾಸನೆಯ ಬಗ್ಗೆ ತಪ್ಪು ತಿಳಿವಳಿಕೆ

ಕೊಳದ ನೀರು ಘಾಟು ವಾಸನೆ ಬೀರಿದರೆ ಕ್ಲೋರಿನ್ ಹೆಚ್ಚಾಗಿದೆ ಎಂದು ಭಾವಿಸಿ, ಅದನ್ನು ಹಾಕುವುದನ್ನೇ ನಿಲ್ಲಿಸುವುದುಂಟು. ವಾಸ್ತವದಲ್ಲಿ ಇಂತಹ ವಾಸನೆಯು ಬಹುತೇಕ ಕೊಳೆಯೊಡನೆ ಸೇರಿಹೋದ ಕ್ಲೋರಿನ್‌ನ ಸೂಚನೆಯಾಗಿದ್ದು, ರೋಗಾಣು ಕೊಲ್ಲುವ ಮುಕ್ತ ಕ್ಲೋರಿನ್ ಕಡಿಮೆಯಾಗಿರುವ ಸಂಭವವಿರುತ್ತದೆ. ಮುಕ್ತ ಕ್ಲೋರಿನ್ ಲೀಟರಿಗೆ ಕನಿಷ್ಠ 1 ಮಿಲಿಗ್ರಾಂ ಹಾಗೂ ಪಿಎಚ್ ಮಟ್ಟ 7.2ರಿಂದ 7.8ರೊಳಗೆ ಇರಬೇಕು. ಪಿಎಚ್ 7.5ರಲ್ಲಿ ಮುಕ್ತ ಕ್ಲೋರಿನ್‌ನ ಸುಮಾರು ಅರ್ಧದಷ್ಟು ಪರಿಣಾಮಕಾರಿ ರೂಪದಲ್ಲಿದ್ದರೆ, 8.5ರಲ್ಲಿ ಹತ್ತನೆಯ ಒಂದು ಭಾಗ ಮಾತ್ರ ಉಳಿಯುತ್ತದೆ.

ಪ್ರಮಾಣದ ಲೆಕ್ಕ

25 ಮೀಟರ್ ಉದ್ದ, 10 ಮೀಟರ್ ಅಗಲ ಹಾಗೂ ಸರಾಸರಿ 1.5 ಮೀಟರ್ ಆಳದ ಕೊಳದಲ್ಲಿ 3,75,000 ಲೀಟರ್ ನೀರಿರುತ್ತದೆ. ಇದರಲ್ಲಿ ಲೀಟರಿಗೆ 1 ಮಿಲಿಗ್ರಾಂ ಕ್ಲೋರಿನ್ ಹೆಚ್ಚಿಸಲು 375 ಗ್ರಾಂ ಕ್ಲೋರಿನ್ ಬೇಕು. ಶೇ. 25ರಷ್ಟು ಕ್ಲೋರಿನ್ ಅಂಶವಿರುವ ಬ್ಲೀಚಿಂಗ್ ಪುಡಿಯಾದರೆ 1.5 ಕಿಲೋಗ್ರಾಂ ಆಗುತ್ತದೆ. ಪುಡಿಯು ಬಿಸಿಲು ಹಾಗೂ ತೇವಕ್ಕೆ ಸಿಲುಕಿ ಸತ್ವ ಕಳೆದುಕೊಂಡಿದ್ದರೆ ಈ ಲೆಕ್ಕ ತಪ್ಪುತ್ತದೆ. ಬಯಲು ಕೊಳಗಳಲ್ಲಿ ಬಿಸಿಲಿನಿಂದಲೂ ಕ್ಲೋರಿನ್ ಬೇಗ ಕ್ಷೀಣಿಸುವುದರಿಂದ ದಿನದಲ್ಲಿ ಹಲವು ಬಾರಿ ಪರೀಕ್ಷಿಸುವುದು ಸೂಕ್ತ.

ಕುಡಿಯುವ ನೀರಿಗೂ ಇದೇ ತತ್ವ

ಉಪೋತ್ಪನ್ನಗಳ ಭಯದಿಂದ ಕ್ಲೋರಿನ್ ಕೈಬಿಡುವುದು ಸರಿಯಲ್ಲ. ಅಸಮರ್ಪಕ ಸೋಂಕು ನಿವಾರಣೆಯ ಅಪಾಯಕ್ಕೆ ಹೋಲಿಸಿದರೆ ಉಪೋತ್ಪನ್ನಗಳ ಅಪಾಯ ಅತ್ಯಲ್ಪವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವಾಗಿದೆ. 2023ರ ಫೆಬ್ರವರಿಯಲ್ಲಿ ಯಾದಗಿರಿ ಜಿಲ್ಲೆಯ ಗುರುಮಠಕಲ್ ತಾಲ್ಲೂಕಿನ ಅನಪುರ ಗ್ರಾಮದಲ್ಲಿ ಕಲುಷಿತ ನೀರಿನಿಂದ ವಾಂತಿಭೇದಿ ಹರಡಿ ಸಾವುಗಳು ಸಂಭವಿಸಿದ್ದನ್ನು ಜಿಲ್ಲೆಯ ಜನರು ಮರೆತಿಲ್ಲ. ನಲ್ಲಿಯ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕೆಂದು ಮಾನಕವು ತಿಳಿಸುತ್ತದೆ.

ಮಳೆಗಾಲದಲ್ಲಿ ನದಿ ಹಾಗೂ ಕಾಲುವೆಯ ನೀರು ಕೆಂಪಾಗಿ ಬರುವಾಗ ನೇರವಾಗಿ ಕ್ಲೋರಿನ್ ಹಾಕಿದರೆ ಅದರ ಹೆಚ್ಚಿನ ಭಾಗ ಕೊಳೆಗೇ ವ್ಯಯವಾಗುತ್ತದೆ, ಉಪೋತ್ಪನ್ನಗಳೂ ಹೆಚ್ಚುತ್ತವೆ. ಮೊದಲು ಪಟಿಕದಿಂದ ತಿಳಿಗೊಳಿಸಿ, ಸೋಸಿ, ನಂತರ ಕ್ಲೋರಿನ್ ಬೆರೆಸಿ ಕನಿಷ್ಠ ಅರ್ಧ ಗಂಟೆ ಬಿಡಬೇಕು. ಕೊಳವೆಬಾವಿ ನೀರಿನ ಫ್ಲೋರೈಡ್ ಹಾಗೂ ಆರ್ಸೆನಿಕ್ ಅಂಶಗಳು ಕ್ಲೋರಿನ್‌ನಿಂದ ನಿವಾರಣೆಯಾಗುವುದಿಲ್ಲ ಎಂಬುದನ್ನು ಗಮನಿಸುವುದು.

ಕೊಳದ ನಿರ್ವಾಹಕರು ಅನುಸರಿಸಬೇಕಾದ ಕ್ರಮಗಳು

1. ಮುಕ್ತ ಕ್ಲೋರಿನ್ ಹಾಗೂ ಪಿಎಚ್ ಮಟ್ಟವನ್ನು ಪ್ರತಿದಿನ ಪರೀಕ್ಷಿಸಿ ವಹಿಯಲ್ಲಿ ದಾಖಲಿಸುವುದು.
2. ಶೋಧಕವನ್ನು ಸ್ವಚ್ಛಗೊಳಿಸಿ, ಹಳೆಯ ನೀರಿನ ಒಂದು ಭಾಗವನ್ನು ಹೊರಹಾಕಿ ಹೊಸ ನೀರು ಸೇರಿಸುವುದು.
3. ಬ್ಲೀಚಿಂಗ್ ಪುಡಿಯನ್ನು ಆಮ್ಲದೊಡನೆ ಎಂದಿಗೂ ಬೆರೆಸಬಾರದು, ವಿಷಾನಿಲ ಹೊರಬೀಳುತ್ತದೆ.
4. ಒಳಾಂಗಣ ಕೊಳಗಳಲ್ಲಿ ಗಾಳಿಯಾಡಲು ವ್ಯವಸ್ಥೆ ಮಾಡುವುದು.

ಈಜುವವರು ಅನುಸರಿಸಬೇಕಾದ ಕ್ರಮಗಳು

1. ನೀರಿಗಿಳಿಯುವ ಮುನ್ನ ಮೈ ತೊಳೆದುಕೊಳ್ಳುವುದು. ಮೈಗೆ ಎಣ್ಣೆ ಹಚ್ಚಿಕೊಂಡು ಇಳಿಯಬಾರದು.
2. ಕೊಳದಲ್ಲಿ ಮೂತ್ರ ವಿಸರ್ಜಿಸಬಾರದು; ಚಿಕ್ಕಮಕ್ಕಳನ್ನು ಆಗಾಗ್ಗೆ ಶೌಚಾಲಯಕ್ಕೆ ಕರೆದೊಯ್ಯುವುದು.
3. ಭೇದಿ ಇರುವವರು ನೀರಿಗಿಳಿಯಬಾರದು.
4. ಕೊಳದ ನೀರನ್ನು ನುಂಗಬಾರದು. ತಳ ಕಾಣದಷ್ಟು ಮಬ್ಬಾದ ನೀರಿಗೆ ಇಳಿಯಬಾರದು.

ಉಪೋತ್ಪನ್ನಗಳನ್ನು ಕಡಿಮೆ ಮಾಡಲು ಕೊಳೆಯನ್ನು ತಡೆಯಬೇಕೇ ಹೊರತು ಕ್ಲೋರಿನ್ನನ್ನಲ್ಲ. ನಲ್ಲಿ ನೀರು ಬಣ್ಣಗೆಟ್ಟಲ್ಲಿ ಅಥವಾ ದುರ್ವಾಸನೆ ಕಂಡುಬಂದಲ್ಲಿ ಸಂಬಂಧಪಟ್ಟ ಗ್ರಾಮ ಪಂಚಾಯತಿ ಅಥವಾ ನಗರಸಭೆಯ ಗಮನಕ್ಕೆ ಕೂಡಲೇ ತರಲು ಸಾರ್ವಜನಿಕರಲ್ಲಿ ಕೋರಲಾಗಿದೆ.